ಪಪ್ಪನ ಲಾಂಡ್ರಿಯ ನೊರೆ

ಗಲ್ಫಿನ ಲಾಂಡ್ರಿಯೊಂದರಲ್ಲಿ ಬಹುಕಾಲ ದುಡಿದು ಬಂದ ಪಪ್ಪ ನಮ್ಮೂರು ಬಂದ್ಯೋಡಿನ ಹತ್ತಿರ ಸ್ವಂತ ಲಾಂಡ್ರಿ ಹಾಕಿದರು. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟು ಒಗೆಯುವ ಕೆಲಸ. ಒಗೆದ ನೀರು ಹಿತ್ತಲಿನ ಟ್ಯಾಂಕಿಗೆ ಬರುತ್ತದೆ. ಅಲ್ಲಿ ಗಾಳಿ ಊದಿ ಸಾಕಿದ ಸೂಕ್ಷ್ಮಜೀವಿಗಳು ಸಾಬೂನು, ಕೊಳೆಯನ್ನೆಲ್ಲ ತಿಂದು ನೀರನ್ನು ತಿಳಿಗೊಳಿಸುತ್ತವೆ. ಮಂಗಳೂರಿನಲ್ಲಿ ನಾನು ಸಂಶೋಧನೆ ಮಾಡುತ್ತಿದ್ದದ್ದೂ ಇವುಗಳ ಮೇಲೆಯೇ. ಹೊಸ ಡಿಟರ್ಜೆಂಟಿಗೆ ಅವು ಹೇಗೆ ಒಗ್ಗಿಕೊಳ್ಳುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುತ್ತಿದ್ದೆ. ಮನೆಯವರಿಗೆ ಅರ್ಥವಾಗುವಂತೆ ಅದನ್ನು ಹೇಳಲು ಮಾತ್ರ ನನಗೆ ಆಗಿರಲಿಲ್ಲ.

ಕಳೆದ ವರ್ಷ ಆಸ್ಪತ್ರೆಯವರು ಕೇಳಿದರೆಂದು ಪಪ್ಪ ಬೇರೆ ಡಿಟರ್ಜೆಂಟ್ ತರಿಸಿದರು. ವಾರ ಕಳೆಯುವುದರೊಳಗೆ ಟ್ಯಾಂಕಿನಿಂದ ನೊರೆ ಉಕ್ಕಿ ಪಕ್ಕದ ತೆಂಗಿನ ತೋಟಕ್ಕೆ ಹಾರಿತು. ತೋಟದವರು ಪಂಚಾಯತಿಗೆ ದೂರು ಕೊಡುತ್ತೇವೆಂದರು. ಟ್ಯಾಂಕ್ ನೋಡಿಕೊಳ್ಳುವ ಎಂಜಿನಿಯರ್ ಬಂದು, ಜೀವಿಗಳು ಸತ್ತಿರಬೇಕು, ಅವು ಇರುವ ಕೆಸರನ್ನೆಲ್ಲ ತೆಗೆದು ಬೇರೆ ಕಡೆಯಿಂದ ಹೊಸತು ತಂದು ಹಾಕುವುದೇ ಒಳ್ಳೆಯದು ಎಂದರು.

ಪಪ್ಪ ನನಗೆ ಫೋನ್ ಮಾಡಿದರು. ನಾನು ಬಂದು ಕೆಸರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬಹಳಷ್ಟು ಬದುಕಿದ್ದವು. ಪಪ್ಪನ ಟ್ಯಾಂಕಿನ ಅಳತೆಯನ್ನೇ ಲೆಕ್ಕಕ್ಕೆ ಕೊಟ್ಟೆ. ಹಳೆಯ ಡಿಟರ್ಜೆಂಟಿನೊಂದಿಗೆ ಹೊಸತನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋದರೆ, ಅದನ್ನು ತಿನ್ನಬಲ್ಲ ಜೀವಿಗಳು ಆ ಕೆಸರಿನಲ್ಲೇ ಹೆಚ್ಚುತ್ತವೆ, ಒಂದು ತಿಂಗಳು ತಾಳಬೇಕು ಎಂದು ಉತ್ತರ ಬಂತು.

"ನಿನ್ನ ಕಂಪ್ಯೂಟರ್ ಹಾಗೆ ಹೇಳ್ತದಾ?" ಪಪ್ಪ ಕೇಳಿದರು.

"ಹೌದು. ಆದ್ರೆ ನಿಜವಾದ ಟ್ಯಾಂಕಲ್ಲಿ ನಾನು ಇನ್ನೂ ನೋಡ್ಲಿಲ್ಲ."

"ಹಾಗಾದ್ರೆ ಇಲ್ಲೇ ನೋಡು. ನಂಗೆ ನಂಬಿಕೆ ಉಂಟು."

ಅವರು ತೋಟದವರ ಮನೆಗೆ ಹೋಗಿ ಸಮಯ ಕೇಳಿಕೊಂಡರು. ನೊರೆ ಹಾರದಂತೆ ಟ್ಯಾಂಕಿನ ಸುತ್ತ ಬಲೆ ಕಟ್ಟಿಸಿದರು. ಹೊಸ ಡಿಟರ್ಜೆಂಟನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋದಂತೆ ನೊರೆ ಇಳಿಯತೊಡಗಿತು. ಆದರೆ ತಿಂಗಳು ಮುಗಿದರೂ ಪ್ರತಿ ಸೋಮವಾರ ಮತ್ತೆ ಏರುತ್ತಿತ್ತು. ನನ್ನ ಲೆಕ್ಕದಲ್ಲಿ ಹಾಗಿರಲಿಲ್ಲ. ಎಲ್ಲಿ ತಪ್ಪಿತೆಂದು ಹುಡುಕುತ್ತ ಹೋದಾಗ ಹೊಳೆಯಿತು: ಆದಿತ್ಯವಾರ ಲಾಂಡ್ರಿಗೆ ರಜೆ, ಅಂದು ಜೀವಿಗಳು ಉಪವಾಸ; ಸೊರಗಿದ ಅವು ಸೋಮವಾರದ ಸಾಬೂನನ್ನೆಲ್ಲ ತಿನ್ನಲಾರವು. ಆ ರಜೆಯನ್ನೂ ಸೇರಿಸಿ ಲೆಕ್ಕವನ್ನು ಹೊಸದಾಗಿ ಕಟ್ಟಿದೆ. ಶನಿವಾರದ ನೀರನ್ನು ಸ್ವಲ್ಪ ಹಿಡಿದಿಟ್ಟು ಆದಿತ್ಯವಾರ ನಿಧಾನವಾಗಿ ಬಿಡಲು ಹೇಳಿದೆ. ಮುಂದಿನ ಸೋಮವಾರಗಳಲ್ಲಿ ನೊರೆ ಏಳಲಿಲ್ಲ. ನೀರಿನ ಪರೀಕ್ಷೆಯೂ ಸರಿಬಂತು. ಎಂಜಿನಿಯರ್ ತಾವು ನೋಡಿಕೊಳ್ಳುವ ಇನ್ನೊಂದು ಟ್ಯಾಂಕಿಗೂ ಲೆಕ್ಕ ಮಾಡಿಕೊಡುತ್ತೀರಾ ಎಂದು ಕೇಳಿದರು.

ಆಮೇಲೊಂದು ದಿನ ಪಾದ್ರಿಗಳ ಪೂಜೆ ಮುಗಿದು ನಾನು ಇಗರ್ಜಿಯ ಅಂಗಳಕ್ಕೆ ಬಂದಾಗ ಪಪ್ಪನ ಸುತ್ತ ನಾಲ್ಕೈದು ಜನರಿದ್ದರು. ಪಪ್ಪ ಗಾಳಿಯಲ್ಲಿ ಬೆರಳಾಡಿಸಿ ನನ್ನ ಲೆಕ್ಕದ ಗ್ರಾಫ್ ಬರೆಯುತ್ತಿದ್ದರು.

"ಅವು ಸತ್ತದ್ದಲ್ಲ, ಕಲೀತಾ ಇದ್ದದ್ದು. ಅದನ್ನು ಲೆಕ್ಕ ಮಾಡಿ ಹೇಳಿದ್ದು ನಮ್ಮ ಹುಡುಗಿ."

ಸೂಕ್ಷ್ಮಜೀವಿಗಳು ಹಾಗೆಲ್ಲ ಕಲಿಯುವುದಿಲ್ಲ ಎಂದು ತಿದ್ದಲು ಹೊರಟವಳು ಅದನ್ನು ಬಿಟ್ಟು ಪಪ್ಪನ ಪಕ್ಕ ಹೋಗಿ ನಿಂತೆ. ನನಗೆ ಹೇಳಲಾಗದಿದ್ದದ್ದನ್ನು ಅವರು ಹೇಳಿಬಿಟ್ಟಿದ್ದರು.