ಕಾಲುಂಗುರಕ್ಕೆ ಕೂಗಿದ ಬಾಗಿಲು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ತಯಾರಾದ ಬಾಗಿಲೊಂದು ವಿಮಾನ ನಿಲ್ದಾಣದಲ್ಲಿ ನಿಂತಿತ್ತು ಎಂದರೆ ಈಗಿನವರು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಅದರೊಳಗಿನ ತಾಮ್ರದ ತಂತಿಯನ್ನು ಸುತ್ತಿದವಳು ನಾನು.

ಎಂಬತ್ತರ ದಶಕದ ಮಾತು. ವಿಮಾನ ಅಪಹರಣದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಿತ್ತು. ಪ್ರಯಾಣಿಕರ ಮೈಮೇಲೆ ಲೋಹವಿದ್ದರೆ ಕೂಗುವ ಬಾಗಿಲು ಬೇಕೆಂದು ನಿಲ್ದಾಣದವರು ಕೇಳಿದ್ದರು. ಬಾಗಿಲೆಂದರೆ ಕದವಿಲ್ಲ, ಬರೀ ಚೌಕಟ್ಟು. ನಮ್ಮ ಮಾಲೀಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದನ್ನು ಮಾಡಿದರು. ನಿಲ್ದಾಣದವರ ಪರೀಕ್ಷೆಯಲ್ಲಿ ಅದು ಪಾಸಾಗದಿದ್ದರೆ ಶೆಡ್ಡಿಗೆ ಬೀಗವೇ ಗತಿ. ಬಾಗಲಗುಂಟೆಯಿಂದ ನಡೆದು ಬರುತ್ತಿದ್ದ ನಮ್ಮ ಆರು ಹೆಂಗಸರ ಮನೆಯ ಒಲೆ ಉರಿಯುತ್ತಿದ್ದದ್ದು ಆ ಶೆಡ್ಡಿನಿಂದಲೇ.

ಶೆಡ್ಡಿನಲ್ಲಿ ನಾವೇ ಹಾದು ನೋಡಿದಾಗಲೇ ಎಡವಟ್ಟಾಯಿತು. ಬೀಗದ ಕೈ ತೆಗೆದಿಟ್ಟು ಹೋದ ಗಂಡಸರಿಗೆ ಸುಮ್ಮನಿರುತ್ತಿದ್ದ ಬಾಗಿಲು, ನಮ್ಮಲ್ಲಿ ಯಾರು ಹೋದರೂ ಬಾಯಿ ಬಡಿದುಕೊಳ್ಳುತ್ತಿತ್ತು. ನಮ್ಮ ಬಳೆಗಳು ಗಾಜಿನವು, ಅರಿಶಿನ ದಾರದ ತಾಳಿಯ ಚಿನ್ನ ಚೂರೇ ಚೂರು. ಕೂಗಿಸುತ್ತಿದ್ದದ್ದು ಕಾಲುಂಗುರ, ಕಾಲ್ಚೈನಿನ ಬೆಳ್ಳಿ.

"ಗಂಡ ಇರೋರ ಕಾಲುಂಗುರ ತೆಗ್ಸೋಕಾಗುತ್ತಾ? ಜಗಳಕ್ಕೇ ಬರ್ತಾರೆ" ಎಂದ ಮಾಲೀಕರು ಬಾಗಿಲಿನ ಕೆಳಭಾಗದ ಲೋಹ ಹಿಡಿಯುವ ಶಕ್ತಿಯನ್ನು ತಗ್ಗಿಸಿಬಿಟ್ಟರು. ಬಾಗಿಲು ತೆಪ್ಪಗಾಯಿತು. ಎಲ್ಲರಿಗೂ ಖುಷಿ.

ನನಗೆ ಮಾತ್ರ ಸಮಾಧಾನವಿಲ್ಲ. ಊಟದ ಬಿಡುವಿನಲ್ಲಿ ಕೂತು ಯೋಚಿಸಿದೆ: ನಾನೇ ಕೆಟ್ಟವಳಾಗಿದ್ದರೆ ಎಲ್ಲಿ ಬಚ್ಚಿಡುತ್ತಿದ್ದೆ? ಸೀರೆಯ ಕೆಳಗೆ, ಕಾಲಿನ ಹತ್ತಿರ. ಎದ್ದು ಹೋಗಿ ಮಾಲೀಕರಿಗೆ ಹೇಳಿದೆ.

"ನೀನು ಕಾಯಿಲ್ ಸುತ್ತಮ್ಮ. ಉಗ್ರಗಾಮಿಗಳ ಬಗ್ಗೆ ಯೋಚ್ನೆ ಮಾಡೋಕೆ ದೊಡ್ಡ ಆಫೀಸರ್‌ಗಳಿದ್ದಾರೆ."

ನನಗೆ ಪಿತ್ತ ನೆತ್ತಿಗೇರಿತು.

ಪರೀಕ್ಷೆಗೆ ನಿಲ್ದಾಣದಿಂದ ಅಧಿಕಾರಿಯೊಬ್ಬರು ಬಂದರು. ಅಂದು ಬೆಳಿಗ್ಗೆಯೇ ನಾನು ಕಬ್ಬಿಣ ಕೊಯ್ಯುವ ಹ್ಯಾಕ್ಸಾದ ಮುರಿದ ಬ್ಲೇಡೊಂದನ್ನು ಬಟ್ಟೆಯಲ್ಲಿ ಸುತ್ತಿ, ಕಾಲ್ಚೈನಿನ ಪಕ್ಕ ಕಟ್ಟಿಕೊಂಡಿದ್ದೆ.

"ಹೆಂಗಸ್ರು ಕಾಲುಂಗುರ ಹಾಕ್ಕೊಂಡೇ ಹೋಗ್ಬೋದು, ನೋಡಿ ಸಾರ್" ಎಂದು ಮಾಲೀಕರು ನನ್ನನ್ನೇ ಕರೆದರು. ನನ್ನ ಕೆಲಸ ಹೋದರೆ ಹೋಗಲಿ, ಉಳಿದ ಐದು ಮನೆಗಳ ಶಾಪ ತಟ್ಟಿದರೆ? ಆದರೂ ನಡೆದೆ. ಬಾಗಿಲು ಉಸಿರೆತ್ತಲಿಲ್ಲ. ಅಧಿಕಾರಿ ತಲೆಯಾಡಿಸಿ ಸಹಿಗೆ ಪೆನ್ನು ತೆಗೆದರು.

"ಒಂದ್ನಿಮಿಷ ಸಾರ್" ಎಂದೆ. ಬಗ್ಗಿ ಬಿಚ್ಚಿ, ಬ್ಲೇಡನ್ನು ಅವರ ಮುಂದಿನ ಮೇಜಿನ ಮೇಲಿಟ್ಟೆ.

ಮಾಲೀಕರ ಮುಖ ಬಿಳಿಚಿಕೊಂಡಿತು. ಅಧಿಕಾರಿ ಬ್ಲೇಡನ್ನೂ ನನ್ನನ್ನೂ ನೋಡಿದರು. "ಯಾರು ಹೇಳ್ಕೊಟ್ರಮ್ಮ?"

"ಯಾರೂ ಇಲ್ಲ ಸಾರ್. ಕಾಲುಂಗುರ ಅಂದ್ರೆ ಎಲ್ರೂ ಮರ್ಯಾದೆ ಕೊಟ್ಟು ಕಣ್ಮುಚ್ಕೋತೀವಿ. ಕೆಟ್ಟೋರು ಅಲ್ಲೇ ತಾನೇ ನುಗ್ಗೋದು?"

ಅವರು ಪೆನ್ನನ್ನು ಜೇಬಿಗೆ ಸೇರಿಸಿದರು. "ಇಷ್ಟೊಂದು ಮೀಟಿಂಗ್ ಮಾಡಿದ್ವಿ, ಇದು ಒಬ್ರಿಗೂ ಹೊಳೀಲಿಲ್ಲ" ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡು, ಮಾಲೀಕರ ಕಡೆ ತಿರುಗಿದರು. "ಕಾಲುಂಗುರ ತೆಗೆಯೋದ್ ಬೇಡ. ಬಾಗಿಲು ಕೂಗ್ಲಿ. ಪರದೆ ಹಿಂದೆ ಹೆಣ್ಣು ಪೊಲೀಸ್ ನೋಡ್ತಾರೆ. ಕೆಳಗಡೆ ಸರಿಮಾಡಿ, ಹದಿನೈದು ದಿನ ಬಿಟ್ಟು ಬರ್ತೀನಿ."

ಒಂದು ವಾರ ಮಾಲೀಕರು ನನ್ನ ಜೊತೆ ಮಾತು ಬಿಟ್ಟರು. ಆದರೆ ಕೆಳಗಿನ ಕಾಯಿಲ್ಲಿಗೆ ಹೊಸ ತಂತಿಯ ಉರುಳೆಯನ್ನು ತಾವೇ ತಂದು ನನ್ನ ಮುಂದಿಟ್ಟು ಹೋದರು. ಊಟ ತಿಂಡಿ ಬಿಟ್ಟು ಸುತ್ತಿದೆ. ಎರಡನೇ ಸಲ ಬ್ಲೇಡಿಗೆ, ಅದರ ಅರ್ಧ ತುಂಡಿಗೆ, ಕೊನೆಗೆ ಒಂದು ಮೊಳೆಗೂ ಬಾಗಿಲು ಕೂಗಿಕೊಂಡಿತು. ಸಹಿ ಬಿತ್ತು.

ಬಾಗಿಲು ನಿಲ್ಲಿಸುವ ದಿನ ಮಾಲೀಕರು ನನ್ನನ್ನೂ ವ್ಯಾನಿನಲ್ಲಿ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ರೇಷ್ಮೆ ಸೀರೆಯ ಹೆಂಗಸೊಬ್ಬರು ಹಾದರು, ಬಾಗಿಲು ಕೂಗಿತು. ಪರದೆಯ ಹಿಂದೆ ಕಾಲು ತೋರಿಸಿ ಹೊರಬಂದವರೇ ಸಿಡಿದರು: "ಯಾವ ಮುಂಡೇದು ಮಾಡಿದ್ದೋ ಈ ಬಾಗಿಲ್ನ!"

ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ. ಪಕ್ಕದಲ್ಲಿದ್ದ ಮಾಲೀಕರು ನನ್ನತ್ತ ಕೈ ತೋರಿಸಿದರು.

"ಇವ್ರೇ ಮೇಡಂ" ಎಂದರು.