ನಾನು ಕದ್ದ ನೀರಗಂಟಿಯ ದನಿ

ನಮ್ಮೂರ ಕೆರೆ ಕಾಯುವ ನೀರಗಂಟಿ ತಾತನ ಬಲಗಾಲ ಹೆಬ್ಬೆರಳು ಉಳಿದ ನಾಲ್ಕರ ಮೇಲೆ ಮುನಿಸಿಕೊಂಡಂತೆ ಹೊರಕ್ಕೆ ಚಾಚಿತ್ತು. ಏರಿಯ ಹಿಂಬದಿಯಲ್ಲಿ ನಡೆಯುತ್ತ ಆ ಬೆರಳನ್ನು ಮಣ್ಣಿಗೊತ್ತಿ ತೇವ ನೋಡುತ್ತಿದ್ದರು. ನೀರು ಜಿನುಗುತ್ತಿದ್ದರೆ ಸ್ಟೀಲ್ ಲೋಟದಲ್ಲಿ ಹಿಡಿದು ಬಿಸಿಲಿಗೆತ್ತಿ ನೋಡಬೇಕು. ತಿಳಿಯಾಗಿದ್ದರೆ ಚೆಲ್ಲಿ ಮುಂದಕ್ಕೆ.

"ನೀರು ಓದ್ರೆ ಓಗ್ಲಿ ಕಣ್ಲಾ, ಮಣ್ಣು ಓಗ್ಬಾರ್ದು. ಮಣ್ಣು ಕದಡ್ಕೊಂಡು ಬಂದ್ರೆ ಏರಿ ಒಳಗೊಳಗೇ ಟೊಳ್ಳಾಗ್ತೈತೆ."

ಏರಿಯ ಕೆಳಗೇ ಮೂವತ್ತು ಮನೆ. ಅದರಲ್ಲಿ ನಮ್ಮದೂ ಒಂದು.

ನಾನೋ, ಕಂಡವರನ್ನೆಲ್ಲ ಅಣಕಿಸುವವನು. ರೈಲ್ವೆ ಅನೌನ್ಸ್‌ಮೆಂಟ್ ಅಕ್ಕ, ನಮ್ಮಪ್ಪನ ಗೊರಕೆ, ಹುಡುಗಿಯರ ಮುಂದೆ ನನ್ನದೇ ತೊದಲು, ಯಾರನ್ನೂ ಬಿಟ್ಟಿರಲಿಲ್ಲ. ತಾತನ ಗೊಗ್ಗರು ದನಿಯಂತೂ ನನ್ನ ಗಂಟಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಒಮ್ಮೆ ಆ ದನಿಯಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದೆ: "ಏರಿ ಓಯ್ತದ್ರಪ್ಪೋ, ಸನಿಕೆ ತಗೊಂಡು ಬರ್ರೋ!" ಅರ್ಧ ಊರು ಓಡಿಬಂತು. ತಾತ ತೂಬಿನ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಬೈಯಲಿಲ್ಲ.

"ಚೆನ್ನಾಗಿ ಮಾಡ್ತೀಯ ಕಣ್ಲಾ. ಆದ್ರೆ ನಂತಾವ ಇರೋದು ಇದೊಂದೇ ದನಿ" ಎಂದರು.

ಆ ಮಾತನ್ನೂ ಅಣಕಿಸಿ ಬಂದವರನ್ನು ನಗಿಸಿದೆ.

ವರ್ಷಗಟ್ಟಲೆ ಒಣಗಿ ಬಿರುಕುಬಿಟ್ಟಿದ್ದ ಏರಿಗೆ ಒರಗಿಕೊಂಡು ಆ ಮಳೆಗಾಲ ಕೆರೆ ತುಂಬಿತು. ಒಂದು ಮಧ್ಯಾಹ್ನ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಕೂತಿದ್ದೆ. ವಾಟ್ಸಾಪ್ ಗುಂಪಿನಲ್ಲಿ ತಾತನ ದನಿ: "ಕೆಂಪು ನೀರು ಬರ್ತೈತೆ. ಮರಳು ಒತ್ಕೊಂಡು ಬರ್ರಪ್ಪೋ." ಅದರ ಕೆಳಗೆ ನಗುವ ಮುಖಗಳ ಸಾಲು. ಪಕ್ಕದಲ್ಲಿದ್ದ ಗೆಳೆಯ ನನ್ನ ಬೆನ್ನಿಗೆ ಗುದ್ದಿದ.

"ಸೂಪರ್ ಮಚ್ಚಾ! ಈ ಸಾರಿ ಅಳುನೂ ಸೇರಿಸಿದ್ದೀಯ!"

ಅದು ನನ್ನದಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಆದರೂ ಹೊಗಳಿಕೆ ಸಿಹಿಯಾಗಿತ್ತು. ಹಲ್ಲು ಕಿರಿದೆ. ನಾವಿಳಿಯುವ ಕೋರಮಂಡಲ್ ಸ್ಟೇಷನ್ ಬರುವವರೆಗೂ ಕಿರಿಯುತ್ತಲೇ ಇದ್ದೆ. ಇಳಿದ ಮೇಲಷ್ಟೇ, "ಅದು ನಿಜವಾಗ್ಲೂ ತಾತಾನೇ, ಓಡ್ರೋ" ಎಂದು ನನ್ನ ದನಿಯಲ್ಲಿ ಗುಂಪಿಗೆ ಹೇಳಿ ಓಡಿದೆ.

ಏರಿಯ ಬುಡದಲ್ಲಿ ತಾತ ಮೊಣಕಾಲುದ್ದ ಕೆಸರಿನಲ್ಲಿದ್ದರು. ನೀರು ಉಕ್ಕುವ ಕಡೆ ಮರಳು, ಅದರ ಮೇಲೆ ಜಲ್ಲಿ ಸುರಿಯುತ್ತಿದ್ದರು. ನೀರು ಸೋಸಿ ಹೋಗಲಿ, ಮಣ್ಣು ನಿಲ್ಲಲಿ ಎಂದು. ಮರಳಿನ ಮಂಕರಿ ಹೊರುತ್ತಿದ್ದವರು ತಾತನ ಹೆಂಡತಿ, ಅಜ್ಜಿಯೊಬ್ಬರೇ.

"ಯಾಕ್ಲಾ ಇಷ್ಟೊತ್ತು?"

"ರೈಲು ಲೇಟು ತಾತ."

"ಓಗ್ಲಿ ಬಿಡು, ಬಂದ್ಯಲ್ಲ."

ಆಮೇಲೆ ಊರು ಬಂತು. ಸಂಜೆಯ ಹೊತ್ತಿಗೆ ಲೋಟದ ನೀರು ತಿಳಿಯಾಯಿತು. ಮನೆಗಳು ಉಳಿದವು.

ಈ ಚಳಿಗಾಲದಲ್ಲಿ ತಾತ ತೀರಿಕೊಂಡರು. ಹನ್ನೊಂದನೇ ದಿನ ಊಟವಾದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಒಂದ್ಸಾರಿ ನಮ್ ಆಯಪ್ಪನಂಗೆ ಮಾತಾಡಪ್ಪ. ಕೇಳ್ಬೇಕು ಅನ್ನಿಸ್ತೈತೆ."

ಬಾಯಿ ತೆರೆದೆ. ಬಂದದ್ದು ನನ್ನದೇ ದನಿ.

"ಅವತ್ತು ರೈಲು ಲೇಟಾಗಿರ್ಲಿಲ್ಲ ಅಜ್ಜಿ."