ನಾನು ಆರಿಸಿದ ಸ್ಪೀಕರ್

ಎಂಬತ್ತರ ದಶಕದ ನಡುವೆ, ನಾನು ಮದುವೆಯಾಗಿ ಕಾರ್ಕಳದಿಂದ ಪರ್ಕಳದ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ, ಗಂಡನ ಅಣ್ಣ ದುಬೈಯಿಂದ ಕ್ಯಾಸೆಟ್ ಡೆಕ್ಕನ್ನೂ ಆಂಪ್ಲಿಫೈಯರನ್ನೂ ತಂದುಕೊಟ್ಟರು. ಭಾರ ಹೆಚ್ಚಾಯಿತೆಂದು ಸ್ಪೀಕರುಗಳನ್ನು ತಂದಿರಲಿಲ್ಲ. ಮಣಿಪಾಲದಲ್ಲಿ ಕೆಲಸಕ್ಕಿದ್ದ ನನ್ನ ಗಂಡನಿಗೆ ಅವನ್ನು ಉಡುಪಿಯಲ್ಲಿ ಕೊಳ್ಳುವ ಅವಸರ. ನಮ್ಮ ಚಾವಡಿಯಲ್ಲಿ ನಾಲ್ಕು ಜನ ಕೂತರೆ ಕಾಲು ಚಾಚಲು ಜಾಗವಿರಲಿಲ್ಲ. ಪೆಟ್ಟಿಗೆ ಸಣ್ಣದಿರಬೇಕು, ಸ್ವರ ಮಾತ್ರ ತುಂಬಿಕೊಂಡು ಬರಬೇಕು.

“ನೀನೂ ಬಾ,” ಎಂದರು. “ನಿನ್ನ ಸಂಗೀತ ಒಂದು ದಿನವಾದರೂ ಉಪಯೋಗಕ್ಕೆ ಬರಲಿ.”

ನನ್ನ ಅಪ್ಪ ಕಾರ್ಕಳದ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಅವರ ಮೊದಲ ಶಿಷ್ಯೆ ನಾನು.

ಅಂಗಡಿಯವರು ಒಂದೇ ಹಾಡನ್ನು ಬೇರೆ ಬೇರೆ ಸ್ಪೀಕರುಗಳಲ್ಲಿ ಹಾಕಿದರು. ಗಂಡ ಮೆಚ್ಚಿದ್ದರಲ್ಲಿ ಮೃದಂಗ ಗುಂಯ್ಗುಟ್ಟಿ ಹಾಡನ್ನೇ ನುಂಗುತ್ತಿತ್ತು. ಮತ್ತೊಂದರಲ್ಲಿ ಹಾಡುವವಳು ತಗಡಿನ ಡಬ್ಬಿಯೊಳಗೆ ಕೂತಂತಿತ್ತು. ಮೂಲೆಯಲ್ಲಿದ್ದ ಸಣ್ಣ ಮರದ ಜೋಡಿಯನ್ನು ನಾನೇ ಕೇಳಿ ಹಾಕಿಸಿದೆ. ಸ್ವರ ಎದೆಯಿಂದಲೇ ಬಂತು. ಹಾಡುವವಳು ಉಸಿರೆಳೆದದ್ದೂ ಕೇಳಿಸಿತು. ನನ್ನ ಕಣ್ಣು ತುಂಬಿತು.

“ಅಕ್ಕನಿಗೆ ಒಳ್ಳೆಯ ಕಿವಿ ಉಂಟು ಮಾರಾಯ್ರೆ,” ಎಂದರು ಅಂಗಡಿಯವರು.

ಗಂಡ ಅದನ್ನೇ ಕಟ್ಟಿಸಿದರು. ಬಂದವರಿಗೆಲ್ಲ ತಾನೇ ಹುಡುಕಿ ತಂದದ್ದೆಂದು ಹೇಳಿದರು.

ಒಂದು ಭಾನುವಾರ ಕಾಪುವಿನಿಂದ ಅತ್ತೆ ಬಂದಿದ್ದರು, ಗಂಡನ ಇಬ್ಬರು ಸ್ನೇಹಿತರೂ ಇದ್ದರು. ನಾನು ಚಹಾ ತರುವಾಗ ಚಾವಡಿಯಲ್ಲಿ ಒಬ್ಬ ಹೆಂಗಸಿನ ಹಾಡು. ಹಿಂದೆಯೇ ಅರೆಯುವ ಕಲ್ಲಿನ ಸದ್ದು. ಅದು ನಾನು. ಯಾವಾಗಲೋ ಗಂಡ ಅಡುಗೆಮನೆಯ ಕಿಟಕಿಯ ಹೊರಗೆ ಮೈಕ್ ಇಟ್ಟು ನನ್ನ ಧ್ವನಿಯನ್ನು ಟೇಪಿಗೆ ಹಿಡಿದಿದ್ದರು. ಮೇಲಿನ ಸ್ವರಕ್ಕೆ ಹೋಗುವಾಗ ಉಸಿರು ಸಾಲದೆ ಗಂಟಲು ಒಡೆದಿತ್ತು. ಆ ಸ್ಪೀಕರುಗಳು ಏನನ್ನೂ ಮುಚ್ಚಿಡಲಿಲ್ಲ. ಗಂಡ ಟೇಪನ್ನು ಹಿಂದೆ ತಿರುಗಿಸಿ ಒಡೆದ ಜಾಗವನ್ನೇ ಮತ್ತೆ ಮತ್ತೆ ಹಾಕಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನು ಲೋಟಗಳನ್ನು ಕೊಟ್ಟು ಒಳಗೆ ಹೋದೆ.

“ತಮಾಷೆ ಮಾಡಬಾರದಾ? ಎಂತ ಮುಖ ಅದು?” ಎಂದು ಆಮೇಲೆ ಗಂಡ ನನಗೇ ಬೈದರು.

ಮುಂದಿನ ತಿಂಗಳು ಅಪ್ಪ ನನ್ನನ್ನು ನೋಡಲು ಬಂದರು.

“ಮಾವ, ಒಬ್ಬ ಹೊಸ ವಿದುಷಿಯ ಕ್ಯಾಸೆಟ್ ಉಂಟು, ಕೇಳಿ,” ಎಂದರು ಗಂಡ.

ಮೊದಲ ಸಾಲಿಗೇ ಅಪ್ಪನಿಗೆ ಗೊತ್ತಾಯಿತು. ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಸ್ವರ ಒಡೆದಲ್ಲಿ ಗಂಡ ನಿಲ್ಲಿಸಿ, ತಿರುಗಿಸಿ, ಮತ್ತೆ ಹಾಕಿದರು.

“ಇದು ಯಾವ ರಾಗ ಮಾವ? ಕೋಳಿ ರಾಗವಾ?”

ಬೆರಳು ನಿಂತಿತು. ಅಪ್ಪ ನನ್ನ ಕಡೆ ನೋಡಲಿಲ್ಲ. ಅಳಿಯನ ಮುಖ ನೋಡಿದರು, ನಕ್ಕರು. ಒಂದು ಸಲ ಅಲ್ಲ. ಅಳಿಯ ಎಷ್ಟು ಸಲ ಹಾಕಿದರೋ ಅಷ್ಟು ಸಲವೂ ನಕ್ಕರು.

ಸಂಜೆ ಅವರನ್ನು ಕಾರ್ಕಳದ ಬಸ್ಸಿಗೆ ಬಿಡಲು ಹೋದೆ.

“ಅಭ್ಯಾಸ ಬಿಡಬೇಡ ಮಗಾ,” ಎಂದರು. “ಉಸಿರು ಸ್ವಲ್ಪ ಮೊದಲೇ ತೆಗೆದುಕೊಳ್ಳಬೇಕಿತ್ತು, ಅಷ್ಟೇ.”

“ನೀವೂ ನಕ್ಕಿರಲ್ಲ ಅಪ್ಪ.”

“ಅಳಿಯನ ಎದುರು ಮತ್ತೆ ಎಂತ ಮಾಡುವುದು? ನೀನು ಅಲ್ಲೇ ಬದುಕಬೇಕಲ್ವಾ?”

ಬಸ್ಸು ಬಂತು. ಅವರು ಹತ್ತಿ, ಕಿಟಕಿಯ ಪಕ್ಕ ಕೂತು, ಎದುರಿನ ಸೀಟನ್ನೇ ನೋಡುತ್ತಿದ್ದರು. ನಾನೂ ಕೈಬೀಸಲಿಲ್ಲ.

ಆಮೇಲೆ ನಾನು ಬಾಯಿಬಿಟ್ಟು ಹಾಡಿದ್ದಿಲ್ಲ. ಗಂಡ ಟೀವಿ ತಂದ ಮೇಲೆ ಕ್ಯಾಸೆಟ್ಟುಗಳನ್ನು ಮರೆತರು. ಅಪ್ಪ ಬಂದಾಗಲೆಲ್ಲ ಊಟ, ಆರೋಗ್ಯ, ಬಾವಿಯ ನೀರಿನ ಬಗ್ಗೆ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಸಂಗೀತದ ಮಾತನ್ನು ಇಬ್ಬರೂ ಎತ್ತಲಿಲ್ಲ.